ಪಾಲಾದ ಜೀಪು

ಭಾನುವಾರ ಬೆಳಿಗ್ಗೆ ಹತ್ತಾಯಿತೆಂದರೆ ತಗಡಣ್ಣ ಕೈಲಿದ್ದ ಕೆಲಸ ಬಿಟ್ಟು ಮನೆಯ ಪಕ್ಕದ ಶೆಡ್ಡಿಗೆ ಹೋಗಿ, ಜೀಪು ಹತ್ತಿ, ಸ್ಟೇರಿಂಗ್ ಹಿಡಿದು ಕೂರುತ್ತಿದ್ದರು. ಬೆಟ್ಟ ಗುಡ್ಡ ಹತ್ತುವ ಹಳೆಯ ಕಾಲದ ಜೀಪು ಅದು. ಮೈಯ ಹಸಿರು ಬಣ್ಣದಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಸೀಟಿನ ಹೊಲಿಗೆ, ಮೇಲಿನ ಟಾರ್ಪಾಲು, ದೀಪದ ಗಾಜು ಎಲ್ಲವೂ ನಿನ್ನೆ ತಂದ ಹಾಗಿತ್ತು. ಬಾನೆಟ್ಟಿನ ಕೆಳಗೆ ಮಾತ್ರ ಏನೂ ಇರಲಿಲ್ಲ. ಇಂಜಿನ್ ಎರಡು ಬೀದಿ ಆಚೆ, ಮೇಸ್ತ್ರಿಯ ಮನೆಯಲ್ಲಿತ್ತು.

ಸರಿಯಾಗಿ ಹತ್ತಕ್ಕೆ ಮೇಸ್ತ್ರಿ ಅಲ್ಲಿ ಇಂಜಿನ್ ಚಾಲೂ ಮಾಡುವ ಹ್ಯಾಂಡಲ್ ತಿರುಗಿಸುತ್ತಿದ್ದರು. ಇಂಜಿನ್ ಒಂದೆರಡು ಸಲ ಕೆಮ್ಮಿ ಹಿಡಿದುಕೊಳ್ಳುತ್ತಿತ್ತು. ಮನೆಗಳ ಮೇಲಿಂದ ಆ ಸದ್ದು ತೇಲಿ ಬಂದ ಕೂಡಲೇ ತಗಡಣ್ಣ ಇಲ್ಲಿ ಕ್ಲಚ್ ಒತ್ತುತ್ತಿದ್ದರು. ಹತ್ತು ನಿಮಿಷವಾದ ಮೇಲೆ ಅಲ್ಲಿ ಸದ್ದು ನಿಲ್ಲುತ್ತಿತ್ತು, ಇಲ್ಲಿ ಇವರು ಇಳಿಯುತ್ತಿದ್ದರು.

"ಎಲ್ಲಿಯವರೆಗೆ ಹೋಗಿದ್ರಿ ಇವತ್ತು?" ಎಂದು ಹೆಂಡತಿ ಕೇಳುವರು.

"ಮೊದಲನೇ ತಿರುವಿನವರೆಗೆ" ಎನ್ನುವರು ಇವರು. ಅದಕ್ಕಿಂತ ಮುಂದೆ ಅವರು ಒಂದು ದಿನವೂ ಹೋಗಲಿಲ್ಲ.

ತಗಡಣ್ಣ, ಮೇಸ್ತ್ರಿ ಇಬ್ಬರೂ ಬಸ್ ರಿಪೇರಿಯ ಒಂದೇ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದವರು. ಇವರದು ಜಜ್ಜಿಹೋದ ತಗಡನ್ನು ಬಡಿದು ನೆಟ್ಟಗೆ ಮಾಡುವ ಕೆಲಸ, ಅವರದು ಇಂಜಿನ್. ನಿವೃತ್ತಿಯ ವರ್ಷ ಗುಜರಿಗೆ ಹೊರಟಿದ್ದ ಜೀಪನ್ನು ಜೊತೆಯಾಗಿ ಕೊಂಡರು. ಸರಿ ಮಾಡಿ, ಇಬ್ಬರೂ ಹೆಂಡಂದಿರನ್ನು ಹಿಂದೆ ಕೂರಿಸಿಕೊಂಡು ಬೆಟ್ಟದ ಮೇಲಿನ ಕೆರೆಗೆ ಹೋಗುವುದೆಂದು ಮಾತಾಗಿತ್ತು. ಮಣ್ಣು ದಾರಿ, ಏಳು ತಿರುವು. ಬಸ್ಸು ಹತ್ತುವುದಿಲ್ಲ, ಜೀಪು ಹತ್ತುತ್ತದೆ.

ಮೂರು ವರ್ಷ ಕೆಲಸ ನಡೆಯಿತು. ಒಂದು ದಿನ ಮೇಸ್ತ್ರಿ ಬಿಸಿ ಎಣ್ಣೆಯ ಡಬ್ಬಿಯನ್ನು ಆಗಷ್ಟೇ ಬಣ್ಣ ಹೊಡೆದ ಬಾನೆಟ್ಟಿನ ಮೇಲೆ ಇಟ್ಟುಬಿಟ್ಟರು. ಎತ್ತಿದಾಗ ಬಳೆಯಷ್ಟು ಗುಂಡನೆಯ ಗುರುತು.

"ನಿಂಗೆ ಇಂಜಿನ್ ಬಿಟ್ರೆ ಪ್ರಪಂಚದಲ್ಲಿ ಬೇರೇನೂ ಕಾಣಲ್ವೇನೋ?"

"ಇಂಜಿನ್ ಇಲ್ದಿದ್ರೆ ಇದೇನು? ಬರೀ ತಗಡಿನ ಡಬ್ಬ. ಅದರೊಳಗೆ ನೀನೊಬ್ಬ ತಗಡು."

"ಹಾಗಾದ್ರೆ ನಿನ್ನ ಇಂಜಿನ್ ನೀನು ತಗೊಂಡು ಹೋಗು."

ಹೇಳಿದವರಿಗೂ ಕೇಳಿದವರಿಗೂ ಅದು ಬಾಯಿಮಾತು. ಆದರೆ ಇಬ್ಬರೂ ಮೊಂಡರು. ಮರುದಿನವೇ ಕೈಗಾಡಿ ಬಂತು, ಆಸ್ತಿ ಪಾಲಾದ ಹಾಗೆ ಜೀಪು ಪಾಲಾಯಿತು. ಇಂಜಿನನ್ನು ಜೀಪಿಗೆ ಕೂರಿಸುವ ಬೋಲ್ಟುಗಳು ನಾಲ್ಕು. ಅವಕ್ಕೆ ಒಂದು ಬೇರೆಯೇ ಅಳತೆ, ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅನ್ಯಾಯವಾಗಬಾರದೆಂದು ಅವನ್ನೂ ಎರಡೆರಡು ಹಂಚಿಕೊಂಡರು. ನಾಲ್ಕೂ ಒಂದೇ ಕಡೆ ಇಲ್ಲದೆ ಇಂಜಿನ್ ಜೀಪಿನಲ್ಲಿ ಕೂರುವುದಿಲ್ಲ ಎಂದು ಆ ಸಿಟ್ಟಿನಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಹೇಳುತ್ತಿರಲಿಲ್ಲ.

ಏಳು ವರ್ಷ ಹೋಯಿತು. ತಗಡಣ್ಣ ತಮ್ಮ ಎರಡು ಬೋಲ್ಟನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಕಿಟಕಿಯ ಮೇಲಿಟ್ಟಿದ್ದರು. ಜೀಪಿನ ಮೈಮೇಲೆ ಒಂದು ಗೀರೂ ಉಳಿಯದ ಹಾಗೆ ತಿದ್ದಿದರು, ಬಾನೆಟ್ಟಿನ ಆ ಗುಂಡು ಗುರುತೊಂದನ್ನು ಬಿಟ್ಟು. "ಸಾಕ್ಷಿ ಇರ್ಲಿ" ಎನ್ನುತ್ತಿದ್ದರು. ಒರೆಸುವಾಗ ಅವರ ಬಟ್ಟೆ ಅಲ್ಲಿ ನಿಧಾನವಾಗುವುದನ್ನು ಹೆಂಡತಿ ನೋಡಿದ್ದರು.

ಹೀಗಿರುವಾಗ ಒಂದು ಭಾನುವಾರ ಸದ್ದು ಬರಲಿಲ್ಲ. "ಪೆಟ್ರೋಲ್ ಮುಗಿದಿರ್ಬೇಕು" ಎಂದುಕೊಂಡು ತಗಡಣ್ಣ ಹನ್ನೊಂದರವರೆಗೆ ಕೂತೇ ಇದ್ದರು. ಮುಂದಿನ ಭಾನುವಾರವೂ ಬರಲಿಲ್ಲ.

"ಹೋಗಿ ನೋಡ್ಕೊಂಡು ಬರಬಾರ್ದಾ?" ಎಂದರು ಹೆಂಡತಿ.

"ನಾನ್ಯಾಕೆ ಹೋಗ್ಲಿ? ಬೇಕಾದ್ರೆ ಅವನೇ ಬರ್ಲಿ."

"ಬರೋ ಸ್ಥಿತೀಲಿ ಇಲ್ದಿದ್ರೆ?"

ಮೂರನೆಯ ಭಾನುವಾರ ತಗಡಣ್ಣ ಒಂಬತ್ತೂವರೆಗೇ ಅಂಗಿ ಹಾಕಿಕೊಂಡರು. ಕಿಟಕಿಯ ಮೇಲಿದ್ದ ಬೋಲ್ಟುಗಳನ್ನು ಯಾಕೆಂದು ತಮಗೇ ತಿಳಿಯದೆ ಜೇಬಿಗೆ ಹಾಕಿಕೊಂಡರು. ಹೆಂಡತಿ ಬಾಗಿಲಲ್ಲಿ ನಿಂತು, ಅವರು ಬೀದಿಯ ತುದಿ ದಾಟುವವರೆಗೂ ನೋಡುತ್ತ ದೇವರನ್ನು ನೆನೆದರು.

ಮೇಸ್ತ್ರಿಯ ಹೆಂಡತಿ ಬಾಗಿಲು ತೆಗೆದವರು, "ಅಣ್ಣ, ಬಂದ್ರಾ?" ಎಂದಷ್ಟೇ ಹೇಳಿ ಹಿತ್ತಲು ತೋರಿಸಿದರು. ಅಲ್ಲಿ ಕಬ್ಬಿಣದ ಚೌಕಟ್ಟಿನ ಮೇಲೆ ಇಂಜಿನ್. ಪಕ್ಕದ ಸ್ಟೂಲಿನ ಮೇಲೆ ಮೇಸ್ತ್ರಿ. ಬಲಗೈಗೆ ಬೆರಳಿನಿಂದ ಮೊಣಕೈವರೆಗೆ ಪ್ಲಾಸ್ಟರು.

ತಗಡಣ್ಣನ ಎದೆಯ ಭಾರ ಇಳಿಯಿತು. ಜೀವಕ್ಕೇನೂ ಆಗಿಲ್ಲ.

"ಏನೋ ಇದು?"

"ಹ್ಯಾಂಡಲ್ ಒದೀತು."

"ಹೆಬ್ಬೆರಳು ಸುತ್ತಿ ಹಿಡಿದಿದ್ಯಾ?"

ಮೇಸ್ತ್ರಿ ನೆಲ ನೋಡಿದರು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಡಬೇಕು, ಸುತ್ತಿ ಹಿಡಿದರೆ ಹಿಂದಕ್ಕೆ ಒದ್ದಾಗ ಕೈ ಮುರಿಯುತ್ತದೆ. ಹೊಸದಾಗಿ ಸೇರಿದ ಪ್ರತಿಯೊಬ್ಬನಿಗೂ ಇದನ್ನು ಬೈದು ಬೈದು ಕಲಿಸಿದವರು ಇದೇ ಮೇಸ್ತ್ರಿ.

"ಮೂವತ್ತು ವರ್ಷ ಊರಿಗೆಲ್ಲ ಹೇಳಿದೋನು ನೀನು."

"ನಗೋಕೆ ಬಂದಿದ್ರೆ ನಕ್ಕು ಹೋಗು."

ತಗಡಣ್ಣ ನಗಲಿಲ್ಲ. ಬಗ್ಗಿ ಚೌಕಟ್ಟು ನೋಡಿದರು. ಎರಡು ಕಡೆ ನಿಜವಾದ ಬೋಲ್ಟು, ಹೊಳೆಯುತ್ತಿತ್ತು. ಇನ್ನೆರಡು ಕಡೆ ಯಾವುದೋ ಸಣ್ಣ ಬೋಲ್ಟಿಗೆ ವಾಷರ್ ಮೇಲೆ ವಾಷರ್ ತುಂಬಿ ಬಿಗಿದಿತ್ತು. ಏಳು ವರ್ಷ ಪ್ರತಿ ವಾರ ಅದುರಿ ಅದುರಿ ಅಲ್ಲಿನ ಕಬ್ಬಿಣ ಸವೆದುಹೋಗಿತ್ತು.

"ಇದನ್ನ ಇಟ್ಕೊಂಡು ಓಡಿಸ್ತಿದ್ದೀಯಲ್ಲ?"

"ಓಡಿಸ್ದೆ ಇಟ್ರೆ ತುಕ್ಕು ಹಿಡಿದು ಜಾಮ್ ಆಗ್ಬಿಡುತ್ತೆ. ಅದೂ ಅಲ್ದೆ..." ಮೇಸ್ತ್ರಿ ಎಡಗೈಯಿಂದ ಇಂಜಿನ್ ಸವರಿದರು. "ನಿಂಗೆ ಕೇಳಿಸುತ್ತೆ ಅಂತ ಗೊತ್ತಿತ್ತು."

ತಗಡಣ್ಣ ಸ್ಪ್ಯಾನರ್ ಕೇಳಿ ತೆಗೆದುಕೊಂಡರು. ಸಣ್ಣ ಬೋಲ್ಟುಗಳನ್ನು ಬಿಚ್ಚಿ, ಜೇಬಿನಿಂದ ಎಣ್ಣೆ ಬಟ್ಟೆ ಹೊರತೆಗೆದು, ತಮ್ಮ ಎರಡನ್ನೂ ಅಲ್ಲೇ ಕೂರಿಸಿ ಬಿಗಿದರು. ಮೇಸ್ತ್ರಿ ನೋಡುತ್ತ ಕೂತಿದ್ದರು. ತಗಡಣ್ಣ ಎದ್ದು ಹ್ಯಾಂಡಲ್ ಹಿಡಿದರು.

"ಹೆಬ್ಬೆರಳು" ಎಂದರು ಮೇಸ್ತ್ರಿ.

"ಗೊತ್ತು ಸುಮ್ನಿರೋ" ಎಂದರು ತಗಡಣ್ಣ. ಮೂರನೆಯ ಸಲಕ್ಕೆ ಇಂಜಿನ್ ಹಿಡಿಯಿತು. ಮೇಸ್ತ್ರಿ ತಲೆ ಓರೆ ಮಾಡಿ ಕೇಳಿಸಿಕೊಂಡರು. ಎಂದಿನ ಅದುರು ಇರಲಿಲ್ಲ. ಹತ್ತು ನಿಮಿಷವಾದ ಮೇಲೆ ತಗಡಣ್ಣ ನಿಲ್ಲಿಸಿದರು.

ಮನೆಗೆ ಬಂದಾಗ ಶೆಡ್ಡಿನ ಬಾಗಿಲು ತೆರೆದಿತ್ತು. ಹೆಂಡತಿ ಡ್ರೈವರ್ ಸೀಟಿನಲ್ಲಿ ಕೂತಿದ್ದರು, ಕೈ ತೊಡೆಯ ಮೇಲೆ.

"ಎಲ್ಲಿಯವರೆಗೆ ಹೋಗಿದ್ದೆ?" ಎಂದರು ತಗಡಣ್ಣ.

"ನಂಗೆಲ್ಲಿ ಬರುತ್ತೆ ಓಡಿಸೋಕೆ? ಸದ್ದು ಬಂತಲ್ಲ, ಅಷ್ಟೇ ಸಾಕು ಅಂತ ಕೂತಿದ್ದೆ. ಬೋಲ್ಟು?"

"ಅಲ್ಲೇ ಹಾಕ್ಬಿಟ್ಟೆ."

"ಮತ್ತೆ ಕೆರೆ?"

"ಅವನ ಕೈ ಮುರಿದಿದೆ, ಅದು ಕೂಡ್ಲಿ ಮೊದ್ಲು. ಅಲ್ಲೀವರೆಗೆ ಭಾನುವಾರ ನಾನು ಹೋಗಿ ಹ್ಯಾಂಡಲ್ ಹೊಡೀಬೇಕು. ನೀನೇ ಕೂತ್ಕೋ ಇಲ್ಲಿ."

ತಗಡಣ್ಣ ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತರು. ಅದು ಮೇಸ್ತ್ರಿ ಕೂರಬೇಕಿದ್ದ ಜಾಗ. ಏಳು ವರ್ಷದಲ್ಲಿ ಒಮ್ಮೆಯೂ ಅಲ್ಲಿ ಕೂತಿರಲಿಲ್ಲ. ಅಲ್ಲಿಂದ ಬಾನೆಟ್ಟಿನ ಮೇಲಿನ ಗುಂಡು ಗುರುತು ನೇರವಾಗಿ ಎದುರಿಗೇ ಕಾಣುತ್ತಿತ್ತು.