ಸುಲಿದ ಮೊಟ್ಟೆ

ದೇಶದ ಭವಿಷ್ಯ ರೂಪುಗೊಳ್ಳುವುದು ತಾಯಿಯ ಗರ್ಭದಲ್ಲಿ. ವರ್ತೂರಿನಲ್ಲಿ ಅದು ಹಿಟ್ಟಿನ ಗಿರಣಿ ಪಕ್ಕದ ಬಾಡಿಗೆ ಕೋಣೆಯಲ್ಲಿ, ಕೆರೆಯ ಸೊಳ್ಳೆ ಹೊಡೆದುಕೊಳ್ಳುತ್ತಾ ರೂಪುಗೊಳ್ಳುತ್ತಿತ್ತು.

ಅದು ನಮ್ಮ ಬೀದಿಯ ಅಂಗನವಾಡಿ. ಗರ್ಭಿಣಿಯರಿಗೆ ಸರ್ಕಾರ ಮಧ್ಯಾಹ್ನದ ಬಿಸಿಯೂಟ, ಜೊತೆಗೊಂದು ಬೇಯಿಸಿದ ಮೊಟ್ಟೆ ಕೊಡಲು ಶುರುಮಾಡಿದ ಹೊಸತು. ಷರತ್ತು ಒಂದೇ: ಅಲ್ಲೇ ಕೂತು ತಿನ್ನಬೇಕು, ಮನೆಗೆ ಒಯ್ಯುವಂತಿಲ್ಲ. ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೋಲ್ಟುಗಳ ತಪಾಸಣೆ ಮಾಡಿ ನಿವೃತ್ತನಾಗಿದ್ದ ನನ್ನನ್ನು ಅದರ ಸಮಿತಿಗೆ ಸೇರಿಸಿಕೊಂಡರು. ಬೀದಿಯಲ್ಲಿ ದಿನಾ ಇಸ್ತ್ರಿ ಅಂಗಿ ಹಾಕುತ್ತಿದ್ದವನು ನಾನೊಬ್ಬನೇ. ಬೇರೆ ಅರ್ಹತೆ ಕಾಣೆ. ಜನ್ಮದಲ್ಲಿ ಮೊಟ್ಟೆ ಮುಟ್ಟದವನು ಮೊಟ್ಟೆಗಳ ಮೇಲ್ವಿಚಾರಕನಾದೆ.

ಹಳೇ ಕಸುಬು ಸುಮ್ಮನೆ ಕೂರಗೊಡಲಿಲ್ಲ. ಹನ್ನೊಂದು ತಟ್ಟೆಗಳಲ್ಲಿ ಹತ್ತರಲ್ಲಿ ಮಾತ್ರ ಮೊಟ್ಟೆಯ ಸಿಪ್ಪೆ ಉಳಿಯುತ್ತಿತ್ತು. ಎರಡು ದಿನ ಕಾದು ಹಿಡಿದೆ. ಯಾದಗಿರಿ ಕಡೆಯವಳು, ಅಪಾರ್ಟ್‌ಮೆಂಟ್ ಕಟ್ಟಡದಲ್ಲಿ ಜಲ್ಲಿ ಹೊರುತ್ತಿದ್ದ ಏಳು ತಿಂಗಳ ಬಸುರಿ, ಮೊಟ್ಟೆಯನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಕೂಲಿಗಳ ಶೆಡ್ಡಿನಲ್ಲಿ ಅವಳ ಏಳು ವರ್ಷದ ಮಗಳಿದ್ದಳು. ಆ ಹುಡುಗಿ ಅಂಗನವಾಡಿಯ ವಯಸ್ಸು ದಾಟಿದ್ದಳು, ಶಾಲೆಗಿನ್ನೂ ಸೇರಿರಲಿಲ್ಲ. ಹೀಗಾಗಿ ಸರ್ಕಾರದ ಯಾವ ತಟ್ಟೆಯಲ್ಲೂ ಅವಳಿಗೆ ಪಾಲಿರಲಿಲ್ಲ.

ಟೀಚರ್ ಎಲ್ಲರೆದುರೇ ಸೆರಗು ಬಿಚ್ಚಿಸಿದರು. ಇದು ಹೊಟ್ಟೆಯೊಳಗಿನ ಮಗುವಿಗೆ ಕೊಡೋದು, ದಾನ ಮಾಡೋಕಲ್ಲ ಎಂದು ಗದರಿದರು. ನಮಗೂ ಮನೇಲಿ ಮಕ್ಕಳಿಲ್ವಾ ಎಂದು ಪಕ್ಕದವಳು ಗೊಣಗಿದಳು.

"ಹೊಟ್ಟ್ಯಾಗಿದ್ದದ್ದಕ್ಕ ಕೊಡ್ತೀರಿ. ಹೊರಗ ಬಂದದ್ದೇನು ಪಾಪ ಮಾಡೇತ್ರಿ, ಅಕ್ಕೋರ?" ಎಂದಳು ಅವಳು.

ಟೀಚರ್ ನನ್ನ ಕಡೆ ತಿರುಗಿದರು. ನನ್ನ ಬಳಿ ಉತ್ತರ ಸಿದ್ಧವಿತ್ತು.

"ನಿಯಮ ಅಂದ್ರೆ ನಿಯಮ ಕಣಮ್ಮ."

"ನಿಮ್ಮ ಮನ್ಯಾಗ ಹಸದ ಕೂಸಿಗೂ ಇದನ್ನ ಹೇಳ್ತೀರೇನ್ರಿ, ಯಜಮಾನ್ರ?"

ಉತ್ತರವಿಲ್ಲದಾಗ ಆಜ್ಞೆ ಹೊರಡಿಸುವುದನ್ನು ಕಾರ್ಖಾನೆ ನನಗೆ ಚೆನ್ನಾಗಿಯೇ ಕಲಿಸಿತ್ತು. ನಾಳೆಯಿಂದ ಮೊಟ್ಟೆ ಸುಲಿದು, ಎರಡು ಹೋಳು ಮಾಡಿ, ಅನ್ನದ ಮೇಲಿಟ್ಟು ಸಾರು ಹುಯ್ಯಿರಿ ಎಂದೆ. ಆಗ ಸೆರಗಿಗೆ ಕಟ್ಟುವುದು ಹೇಗೆ? ಮೂವತ್ತು ವರ್ಷದಲ್ಲಿ ಕಾರ್ಖಾನೆಗೆ ನಾನು ಕೊಟ್ಟ ಸಲಹೆಗಳಲ್ಲಿ ಒಂದೂ ಜಾರಿಯಾಗಿರಲಿಲ್ಲ. ಇದು ಒಂದೇ ದಿನದಲ್ಲಿ ಆಯಿತು.

ಮರುದಿನ ಅವಳು ಬಂದಳು. ತಟ್ಟೆ ನೋಡಿದಳು, ನನ್ನನ್ನು ನೋಡಿದಳು. ಅನ್ನವಷ್ಟೇ ಉಂಡು, ಸಾರಿನಲ್ಲಿ ತೊಯ್ದ ಹೋಳುಗಳನ್ನು ತಟ್ಟೆಯ ಅಂಚಿಗೆ ಸರಿಸಿ, ಕೈ ತೊಳೆದು ಎದ್ದು ಹೋದಳು. ಅವನ್ನು ಗಿರಣಿಯ ನಾಯಿ ತಿಂದಿತು.

ಆಮೇಲೆ ಅವಳು ಬರಲಿಲ್ಲ. ತಿಂಗಳ ಕೊನೆಗೆ ರಿಜಿಸ್ಟರಿನಲ್ಲಿ ಅವಳ ಹೆಸರು ಹೊಡೆದುಹಾಕಿದರು.