ಒಬ್ಬನೇ ಹೋದೆ ಎಂದುಕೊಂಡ ದಿನ

ಮೊಮ್ಮಕ್ಕಳೇ, ನಾನು ಚಿಕ್ಕವನಿದ್ದಾಗ, ಹೆಚ್ಚು ಕಡಿಮೆ ನಿಮ್ಮಷ್ಟೇ ಇದ್ದಾಗ, ಅಪ್ಪ ಮತ್ತು ಅಕ್ಕ ಸೇರಿ ನನಗೊಂದು ಮೋಸ ಮಾಡಿದರು. ಪ್ರೀತಿಯಿಂದ ಮಾಡಿದ್ದು ಅಂತ ಊರಿನವರೆಲ್ಲ ಅಂದರು. ಇರಬಹುದು. ಪ್ರೀತಿಯಿಂದ ಮಾಡಿದರೂ ಮೋಸಕ್ಕೆ ಬೇರೆ ಹೆಸರಿಲ್ಲ. ನನ್ನ ಕೂದಲು ಬೆಳ್ಳಗಾಗಿದೆ ಎಂದು ನೀವೇ ಹೇಳುತ್ತೀರಿ. ಅದು ಮಾತ್ರ ನನ್ನೊಳಗೆ ಇನ್ನೂ ಹಸಿಯಾಗಿದೆ. ಅದಕ್ಕೇ ಹೇಳುತ್ತೇನೆ. ನಾನು ಹೇಳುತ್ತಾ ಹೋಗುತ್ತೇನೆ, ನಿಮ್ಮಲ್ಲಿ ದೊಡ್ಡವನು ಬರೆದುಕೊಳ್ಳಲಿ. ಮಲಯಾಳಂ ಶಾಲೆಯ ಹುಡುಗ, ಕನ್ನಡ ಅಕ್ಷರ ಬರೆಯುವುದು ಅವನಿಗೆ ನಿಧಾನ. ನಾನೂ ನಿಧಾನವಾಗಿಯೇ ಹೇಳುತ್ತೇನೆ.

ನನಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಮಲಯಾಳಂ ನಾಡಿನ ಗಡಿಯಲ್ಲಿ, ಮುತ್ತಂಗದ ಕಾಡಿಗೆ ತಾಗಿದ ನಮ್ಮ ಊರಿನಲ್ಲಿ ಆಗ ಕಣ್ಣಿಲ್ಲದ ಮಗುವೆಂದರೆ ಜಗಲಿಯ ಮೇಲೆ ಕೂರಿಸುವ ವಸ್ತು. ಯಾರಾದರೂ ಎತ್ತಿ ಹೊರಗಿಡಬೇಕು, ಯಾರಾದರೂ ಒಳಗೆ ತರಬೇಕು. ಅವ್ವ ಇರಲಿಲ್ಲ. ಅಜ್ಜಿ, ಅಪ್ಪ, ಅಕ್ಕ, ನಾನು, ಒಂದು ಹಸು, ಇಷ್ಟೇ ನಮ್ಮ ಮನೆ. ಎಲ್ಲಿಗೆ ಹೋದರೂ ನಾನು ಅಪ್ಪನ ಟವೆಲ್ಲಿನ ತುದಿಯನ್ನೋ ಅಕ್ಕನ ಲಂಗವನ್ನೋ ಹಿಡಿದುಕೊಂಡೇ ಹೋಗುತ್ತಿದ್ದೆ. ಶಾಲೆಯಲ್ಲೂ ಅಕ್ಕನ ಪಕ್ಕ ಕೂತೆ. ಅವಳು ಶಾಲೆ ಬಿಟ್ಟ ದಿನ ನಾನೂ ಬಿಟ್ಟೆ.

ಜಗಲಿಯಲ್ಲಿ ಕೂತು ಕೂತು ನನಗೆ ಸಾಕಾಗಿತ್ತು. ದುಡಿಯುವ ಕೈ ನನಗೂ ಇದೆ ಎಂದು ಅಪ್ಪನ ಹತ್ತಿರ ದಿನಾ ಜಗಳ ಮಾಡುತ್ತಿದ್ದೆ. ಕೊನೆಗೆ ಅಪ್ಪ ಬಿದಿರಿನ ಮೆಳೆಯಿಂದ ಹೆಬ್ಬೆರಳು ದಪ್ಪದ ಗಳುವೊಂದನ್ನು ಕಡಿದು ತಂದ. ಒಲೆಯ ಮೇಲೆ ಹೊಗೆಗೆ ಒಣಗಿಸಿ, ಗಾಜಿನ ಚೂರಿನಿಂದ ಹೆರೆದು, ಗಂಟುಗಳನ್ನೆಲ್ಲ ನಯ ಮಾಡಿದ. ಮುರಿದ ಕೊಡೆಯೊಂದರ ತುದಿಯ ಕಬ್ಬಿಣವನ್ನು ಬಿಚ್ಚಿ ಅದರ ಬುಡಕ್ಕೆ ಬಡಿದು ಕೂರಿಸಿದ. ಕೋಲು ನನ್ನ ಎದೆಯವರೆಗೆ ಬರುತ್ತಿತ್ತು. ಮೂಗಿಗೆ ಹಿಡಿದರೆ ಹೊಗೆಯ ವಾಸನೆ, ಕಲ್ಲಿಗೆ ತಾಗಿದರೆ ಟಿಣ್ ಎನ್ನುವ ಸದ್ದು. ಅಷ್ಟು ಚೆಂದದ ವಸ್ತು ಅದುವರೆಗೆ ನನ್ನದು ಅಂತ ಯಾವುದೂ ಇರಲಿಲ್ಲ.

ಕೋಲು ಹಿಡಿದು ನಡೆಯುವುದನ್ನು ಕಲಿಸುವುದು ಹೇಗೆ ಎಂದು ಅಪ್ಪನಿಗೂ ಗೊತ್ತಿರಲಿಲ್ಲ. ಅವನೇ ಟವೆಲ್ಲಿನಿಂದ ಕಣ್ಣು ಕಟ್ಟಿಕೊಂಡು ಅಂಗಳದಲ್ಲಿ ನಡೆದು ನೋಡಿದ. ಒರಳುಕಲ್ಲಿಗೆ ಮೊಣಕಾಲು ಬಡಿದು ಅವನು ಕೂಗಿಕೊಂಡಾಗ ಅಜ್ಜಿ ಒಳಗಿನಿಂದಲೇ, "ಮನೇಲಿ ಒಬ್ಬ ಕುರುಡ ಸಾಲ್ದಾ?" ಎಂದಳು. ಎಲ್ಲರೂ ನಕ್ಕೆವು. ಹಾಗೆ ಎಡವಿ ಎಡವಿಯೇ ಅಪ್ಪ ಕಂಡುಕೊಂಡ: ಎಡಗಾಲು ಮುಂದಿಡುವಾಗ ಕೋಲು ಬಲಕ್ಕೆ ತಾಗಬೇಕು, ಬಲಗಾಲಿಗೆ ಎಡಕ್ಕೆ. ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಮುಟ್ಟಿ ಬರಬೇಕು. ಅಕ್ಕ ನನ್ನ ಪರೀಕ್ಷೆಗೆ ಅಂಗಳದಲ್ಲಿ ಕೊಡ, ಮೊರ, ಕುಂಬಳಕಾಯಿ ಇಟ್ಟು ದಾರಿ ಕಟ್ಟುತ್ತಿದ್ದಳು. ನಾನು ಕುಂಬಳಕಾಯಿಗೆ ಎಡವಿ ಬಿದ್ದರೆ, "ಕಾಲಿಗೆ ಬಿದ್ದಿದೀಯಲ್ಲ, ಆಶೀರ್ವಾದ ತಗೊಂಡು ಎದ್ದೇಳು" ಎನ್ನುತ್ತಿದ್ದಳು. ಆ ಮಳೆಗಾಲ ಶುರುವಾಗುವ ಹೊತ್ತಿಗೆ ಹಸಿ ಮಣ್ಣು, ಒಣ ಮಣ್ಣು, ಹುಲ್ಲು, ಕಲ್ಲು, ಮರ ಎಲ್ಲವೂ ಕೋಲಿನ ತುದಿಯಿಂದ ನನ್ನ ಅಂಗೈಗೆ ಬಂದು ಮಾತಾಡುತ್ತಿದ್ದವು.

ಆಮೇಲೆ ನಾನೊಂದು ಮಾತು ಕೇಳಿದೆ. ನಮ್ಮ ಹಸುವಿನ ಹಾಲನ್ನು ಅಪ್ಪ ದಿನಾ ಬೆಳಗ್ಗೆ ಟಾರು ರಸ್ತೆಯ ಬದಿಯ ಚಾಯದಂಗಡಿಗೆ ಕೊಟ್ಟು ಬರುತ್ತಿದ್ದ. ಆ ಕೆಲಸ ನನಗೆ ಬೇಕು ಎಂದೆ. ಅಪ್ಪ ನನ್ನ ಕೋಲು ತೆಗೆದುಕೊಂಡು ತುದಿಯ ಕಬ್ಬಿಣ ಗಟ್ಟಿಯಿದೆಯೇ ಎಂದು ಕುಟ್ಟಿ ನೋಡಿದ. ಕೊನೆಗೆ, "ಒಂದು ದಿನ ಒಬ್ಬನೇ ಹೋಗಿ ಬಾ. ಬಂದ್ರೆ ಆ ಕೆಲ್ಸ ನಿಂದೇ" ಎಂದ.

"ಹಿಂದೆ ಯಾರೂ ಬರಬಾರ್ದು" ಎಂದೆ ನಾನು.

"ಯಾರೂ ಬರಾಕಿಲ್ಲ ಕನ ಮಗ."

"ನನ್ ತಲೆ ಮೇಲೆ ಕೈ ಇಟ್ಟು ಹೇಳು."

ಅಪ್ಪನ ಕೈ ನನ್ನ ತಲೆಯ ಮೇಲೆ ಬಂತು. ದೊಡ್ಡ ಕೈ, ಶುಂಠಿ ಅಗೆದು ಒರಟಾದ ಕೈ. "ಯಾರೂ ಬರಾಕಿಲ್ಲ" ಎಂದ ಇನ್ನೊಮ್ಮೆ. ಅಕ್ಕನ ಕೈಯನ್ನೂ ಎಳೆದು ತಲೆಯ ಮೇಲೆ ಇಟ್ಟುಕೊಂಡೆ. ಬಳೆಗಳು ನನ್ನ ಹಣೆಗೆ ತಾಗಿದವು. "ನಿನ್ ಹಿಂದೆ ಬರಾಕೆ ನಂಗೇನು ಬ್ಯಾರೆ ಕೆಲ್ಸ ಇಲ್ವೇನ್ಲಾ? ನಾನು ಒಲೆ ಮುಂದಿಂದ ಏಳಾಕಿಲ್ಲ" ಎಂದಳು.

ಮರುದಿನ ಬೆಳಗ್ಗೆ ಸಣ್ಣ ಮಳೆ ಹನಿಯುತ್ತಿತ್ತು. ಗೊರಬೆ ಬೇಡ ಎಂದೆ. ಗೊರಬೆ ಎಂದರೆ ಬಿದಿರಿನ ಸೀಳಿಗೆ ಎಲೆ ಹೊದಿಸಿ ಹೆಣೆದ, ತಲೆಯಿಂದ ಬೆನ್ನಿನ ಕೆಳಗಿನವರೆಗೂ ಮುಚ್ಚುವ ಮಳೆಯ ಹೊದಿಕೆ. ಗದ್ದೆ ಕೆಲಸದವರು ಹಾಕುತ್ತಿದ್ದರು. ಅಪ್ಪ ಕೇಳಲಿಲ್ಲ. "ನೆಂದ್ರೆ ಜ್ವರ ಬತ್ತದೆ" ಎಂದು ತಲೆಗೆ ಹಾಕಿಯೇ ಬಿಟ್ಟ. ಹನಿಗಳು ಅದರ ಮೇಲೆ ಟಪಟಪ ಸಿಡಿದು ನನ್ನ ಕಿವಿ ತುಂಬಿಹೋಯಿತು. ಎಡಗೈಗೆ ಹಿಡಿಕೆಯಿಂದ ತೂಗುಹಾಕಿ ಒಯ್ಯುವ ಹಾಲಿನ ತೂಕುಪಾತ್ರೆ, ಬಲಗೈಗೆ ಕೋಲು. ಅಜ್ಜಿ ನನ್ನ ಕೆನ್ನೆ ಸವರಿದಳು. ಅಕ್ಕ ಒಳಗೆ ಒಲೆ ಊದುತ್ತಿದ್ದಳು. ಊದುಗೊಳವೆಯ ಸದ್ದು ನನಗೆ ಸ್ಪಷ್ಟವಾಗಿ ಕೇಳಿತು. ನೆಮ್ಮದಿಯಾಗಿ ಹೊರಟೆ.

ಬೇಲಿಯ ದಾರಿ ಸುಲಭವಿತ್ತು. ನೆಂದ ಕಾಫಿ ಎಲೆಗಳು ಮೊಣಕೈಗೆ ಒರಸುತ್ತಿದ್ದವು. ಆಮೇಲೆ ಗದ್ದೆಯ ಬದು, ಎರಡೂ ಕಡೆ ಕೆಸರಿನ ತಣ್ಣನೆಯ ವಾಸನೆ, ಕಪ್ಪೆಗಳ ಗಲಾಟೆ. ಬದು ಮುಗಿದ ಕಡೆ ತೊರೆ, ಅದರ ಮೇಲೆ ಎರಡು ಮರದ ದಿಮ್ಮಿಗಳ ಸಂಕ. ಕೋಲಿನಿಂದ ದಿಮ್ಮಿಯ ಅಂಚು ಹುಡುಕಿ, ಪಾದವನ್ನು ಅಡ್ಡವಾಗಿಟ್ಟು ಜಾರಿಸುತ್ತಾ ದಾಟಿದೆ. ಹಾಲು ತುಳುಕಲಿಲ್ಲ. ಆಚೆ ದಡದಲ್ಲಿ ನಿಂತು ಒಬ್ಬನೇ ನಕ್ಕೆ.

ತಪ್ಪಿದ್ದು ಅಲ್ಲಿಂದ ಮುಂದೆ. ಸಂಕ ದಾಟಿದ ಮೇಲೆ ದಾರಿ ಎರಡಾಗುತ್ತದೆ. ತೊರೆಯ ಪಕ್ಕದಲ್ಲೇ ಏರಿದರೆ ರಸ್ತೆ, ಇನ್ನೊಂದು ಕಡೆ ಹೋದರೆ ಕಾಡು. ಸ್ವಲ್ಪ ದೂರ ನಡೆದಾಗ ಕೋಲಿಗೆ ಯಾರೂ ತುಳಿಯದ ಎತ್ತರದ ಹುಲ್ಲು ಸಿಕ್ಕಿತು. ನಿಂತೆ. ಹುಳಿ ಹುಳಿಯಾದ ಆನೆ ಲದ್ದಿಯ ವಾಸನೆ ಮೂಗಿಗೆ ಹೊಡೆಯಿತು. ತಿರುಗಿದೆ, ಮತ್ತೆ ತಿರುಗಿದೆ, ಯಾವ ಕಡೆಯಿಂದ ಬಂದೆ ಎನ್ನುವುದೇ ಮರೆತುಹೋಯಿತು. ಗೊರಬೆಯ ಮೇಲಿನ ಮಳೆ ಬಿಟ್ಟು ಕಿವಿಗೆ ಏನೂ ಬೀಳುತ್ತಿರಲಿಲ್ಲ. ಅಪ್ಪನನ್ನು ಕೂಗಬೇಕು ಎನಿಸಿತು. ಕೂಗಿದರೆ ಮತ್ತೆ ಜಗಲಿ. ಹಲ್ಲು ಕಚ್ಚಿಕೊಂಡು ನಿಂತೆ.

ಆಗ ಗುಳುಕ್ ಎಂದು ನೀರಿಗೆ ಕಲ್ಲೊಂದು ಬಿದ್ದ ಸದ್ದಾಯಿತು. ದಡ ಕುಸಿದು ಜಾರಿದ ಕಲ್ಲಿರಬೇಕು ಎಂದುಕೊಂಡೆ. ಓಹೋ, ನೀರು ಅಲ್ಲಿದೆ! ಹಾಗಾದರೆ ರಸ್ತೆ ಆ ಕಡೆ. ಆ ಸದ್ದನ್ನೇ ಹಿಡಿದು ತೊರೆಯ ಬದಿಗೆ ಬಂದೆ, ತುಳಿದು ಗಟ್ಟಿಯಾದ ಮಣ್ಣು ಸಿಕ್ಕಿತು, ಏರು ಸಿಕ್ಕಿತು, ಆಮೇಲೆ ಟಾರು ರಸ್ತೆ ಕಾಲಿಗೆ ಒರಟಾಗಿ ತಾಗಿತು. ಗುಂಡ್ಲುಪೇಟೆಯ ಕಡೆಯಿಂದ ಬಂದ ಲಾರಿಯೊಂದು ನನ್ನ ಮೈಮೇಲೆ ಗಾಳಿ ಬೀಸಿ ಹೋಯಿತು. ನನ್ನ ಜೀವಮಾನದಲ್ಲಿ ಅಷ್ಟು ದೊಡ್ಡವನು ನಾನು ಮತ್ತೆಂದೂ ಆಗಿಲ್ಲ.

ನಾವೆಲ್ಲ ಕಾಕ ಎಂದು ಕರೆಯುತ್ತಿದ್ದ ಚಾಯದಂಗಡಿಯ ಯಜಮಾನ ನನ್ನನ್ನು ಕಂಡು, "ಅಲ್ಲಾ ಮೋನೇ, ಒಬ್ಬನೇ ಬಂದದ್ದಾ?" ಎಂದು ಕೂಗಿದ. ಮೋನೇ ಎಂದರೆ ಅವನ ಮಾತಿನಲ್ಲಿ ಮಗನೇ ಎಂದು. "ಒಬ್ಬನೇ!" ಎಂದೆ ನಾನು, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ. ಯಾಕೋ ಎಲ್ಲರೂ ಒಮ್ಮೆಗೇ ಸುಮ್ಮನಾದರು. ಬೆರಗಾಗಿದ್ದಾರೆ ಎಂದುಕೊಂಡೆ. ಕಾಕ ಎಣ್ಣೆಯಿಂದ ಆಗತಾನೆ ತೆಗೆದ ಬಿಸಿಬಿಸಿ ಪಳಂಪೊರಿ ಕೊಟ್ಟ. ನೇಂದ್ರ ಬಾಳೆಹಣ್ಣಿಗೆ ಹಿಟ್ಟು ಹಚ್ಚಿ ಕರಿದದ್ದು. ನಾಲಿಗೆ ಸುಟ್ಟರೂ ಅರ್ಧ ತಿಂದೆ. ಇನ್ನರ್ಧವನ್ನು ಬಾಳೆ ಎಲೆಯಲ್ಲಿ ಸುತ್ತಿ ಅಕ್ಕನಿಗೆಂದು ಖಾಲಿ ತೂಕುಪಾತ್ರೆಯಲ್ಲಿ ಇಟ್ಟುಕೊಂಡೆ.

ಮನೆಗೆ ಬಂದದ್ದು ಹಾರಿಕೊಂಡೇ ಅನ್ನಬೇಕು. ಅಪ್ಪ ಜಗಲಿಯಿಂದ ಇಳಿದು ಬಂದು ನನ್ನ ಭುಜ ತಟ್ಟಿದ. ಒಳಗೆ ಒಲೆಯ ಪಕ್ಕ ಕೂತಾಗ ಅಕ್ಕನೂ ಅಲ್ಲೇ ಇದ್ದಳು. ಅಜ್ಜಿ ಉಪ್ಪು ಹಚ್ಚಿ ಹಚ್ಚಿ ನನ್ನ ಕಾಲಿನಿಂದ ಜಿಗಣೆಗಳನ್ನು ಬಿಡಿಸಿ ಒಲೆಗೆ ಎಸೆಯುತ್ತಿದ್ದಳು. ಮಳೆಯಲ್ಲಿ ಬದುವಿನ ಮೇಲೆ ನಡೆದರೆ ಅವು ಹತ್ತದೆ ಬಿಡುವುದಿಲ್ಲ. ನಾನು ಬದು, ಸಂಕ, ಆನೆ ಲದ್ದಿ, ಕಲ್ಲಿನ ಸದ್ದು ಎಲ್ಲವನ್ನೂ ಹೇಳಿದೆ. ಆ ಕಲ್ಲಿನ ಸದ್ದನ್ನಂತೂ ಎರಡು ಸಲ ಹೇಳಿದೆ. ಅಕ್ಕ ಪಳಂಪೊರಿ ಜಗಿಯುತ್ತಾ, "ಅಯ್ಯಯ್ಯೋ! ಆಮ್ಯಾಕೆ?" ಎಂದು ಕೇಳುತ್ತಲೇ ಇದ್ದಳು.

ಅಷ್ಟರಲ್ಲಿ ಅಜ್ಜಿ, "ಇದ್ಯಾರ್ದೇ ಈ ರಕ್ತ?" ಎಂದಳು. "ಅಯ್ಯೋ ಹೆಣ್ಣೇ, ನಿನ್ ಹಿಮ್ಮಡೀಲಿ ಜಿಗಣೆ ಉಬ್ಬಿ ನೇತಾಡ್ತದೆ! ಒಲೆ ಮುಂದಿಂದ ಏಳಾಕಿಲ್ಲ ಅಂದೋಳಿಗೆ ಜಿಗಣೆ ಎಲ್ಲಿಂದ ಹತ್ತಿತ್ತೇ?"

ಅಪ್ಪ ಕೆಮ್ಮಿದ. ಅಕ್ಕನ ಜಗಿಯುವ ಸದ್ದು ನಿಂತಿತು. ನಾನು ಕೈ ಚಾಚಿ ಅವಳ ಕೈ ಹಿಡಿದೆ. ಮಣಿಕಟ್ಟು ಬರಿದಾಗಿತ್ತು. ಬಳೆ ಬಿಚ್ಚಿಟ್ಟಿದ್ದಳು. ಅವಳ ಲಂಗದ ಅಂಚು ಗದ್ದೆಯ ನೀರಿನಲ್ಲಿ ನೆಂದು ಭಾರವಾಗಿತ್ತು. ಗೊರಬೆ ಯಾಕೆ ಹೊದಿಸಿದ್ದು ಎನ್ನುವುದು ಆಗ ತಿಳಿಯಿತು. ಮಳೆ ತಡೆಯುವುದಕ್ಕಲ್ಲ, ನನ್ನ ಕಿವಿ ಮುಚ್ಚುವುದಕ್ಕೆ. ಅಂಗಡಿಯವರು ಸುಮ್ಮನಾದದ್ದು ಯಾಕೆ ಎನ್ನುವುದೂ ತಿಳಿಯಿತು. ನನ್ನ ಬೆನ್ನ ಹಿಂದೆ ಅಕ್ಕ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದಳಂತೆ. ಕಣ್ಣಿದ್ದವರು ನಮ್ಮ ತಲೆಯ ಮೇಲಿನಿಂದಲೇ ಹೀಗೆ ಮಾತಾಡಿಕೊಳ್ಳುತ್ತಾರೆ. ನಾನು "ಒಬ್ಬನೇ!" ಎಂದು ಎದೆಯುಬ್ಬಿಸಿ ಕೂಗಿದ್ದು ಅವರೆಲ್ಲರಿಗೂ ಹೇಗೆ ಕಂಡಿರಬೇಡ!

"ಕಲ್ಲು ಹಾಕಿದ್ದು ನೀನಾ?" ಎಂದು ಕೇಳಿದೆ.

"ಇಲ್ಲ ಕನೋ. ದೇವರಾಣೆಗೂ ಇಲ್ಲ. ಅದು ತಾನೇ ಬಿತ್ತು."

ಮಕ್ಕಳೇ, ಅವಳು ಹೇಳಿದ್ದು ನಿಜವೇ ಇರಬಹುದು. ಆದರೆ ನನ್ನ ತಲೆಯ ಮೇಲೆ ಕೈ ಇಟ್ಟು ಸುಳ್ಳು ಹೇಳಿದವಳ ದೇವರಾಣೆಯನ್ನು ನಾನು ಹೇಗೆ ನಂಬಲಿ? ಆ ಮಳೆಯಲ್ಲಿ ನಾನು ದಾರಿ ಕಂಡುಕೊಂಡೆನೋ, ಅಕ್ಕ ತೋರಿಸಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವಳು ಮದುವೆಯಾಗಿ ಹೋಗುವಾಗಲೂ ಕೇಳಿದೆ. ಅವಳಿಗೆ ವಯಸ್ಸಾಗಿ ಹಾಸಿಗೆ ಹಿಡಿದಾಗಲೂ ಕೇಳಿದೆ. ಇಲ್ಲವೆಂದೇ ಅಂದಳು, ಅಳುತ್ತಾ ಅಂದಳು. ನನಗೆ ನಂಬುವ ಆಸೆಯಿತ್ತು. ಆಗಲಿಲ್ಲ.

ಅಪ್ಪ ಆ ದಿನ ತಪ್ಪಾಯಿತು ಎನ್ನಲಿಲ್ಲ. "ಆನೆ ತಿರುಗೋ ಊರು ಕನ ಮಗ. ಕಣ್ಣಿಲ್ಲದ ಕೂಸನ್ನ ಒಬ್ಬನ್ನೇ ಬುಡಾಕಾಯ್ತದಾ?" ಎಂದ.

"ಹಂಗಾದ್ರೆ ಹೇಳಿ ಬರಬೇಕಿತ್ತು" ಎಂದೆ.

ಹಾಲಿನ ಕೆಲಸ ನನಗೇ ಸಿಕ್ಕಿತು. ಮರುದಿನ ಗೊರಬೆ ಎಸೆದು, ನೆಂದುಕೊಂಡೇ ಹೋದೆ. ಸ್ವಲ್ಪ ದೂರ ನಡೆಯುವುದು, ತಟ್ಟನೆ ನಿಲ್ಲುವುದು, ತಿರುಗಿ ಕೋಲನ್ನು ಬೆನ್ನ ಹಿಂದೆ ಬೀಸಿ ಯಾರ ಕಾಲಿಗಾದರೂ ತಾಗುತ್ತದೆಯೇ ಎಂದು ನೋಡುವುದು. ಮುಂದಿನ ದಾರಿ ತಿಳಿಯಲೆಂದು ಕೊಟ್ಟ ಕೋಲಿನಿಂದ ನಾನು ಬೆನ್ನ ಹಿಂದೆ ತಡಕುವುದನ್ನು ಕಲಿತೆ. ಆಮೇಲೆ ಬುಟ್ಟಿ ಹೆಣೆದೆ, ರಸ್ತೆಬದಿಯಲ್ಲಿ ಅಂಗಡಿ ಇಟ್ಟೆ, ಸಾಮಾನು ತರಲು ಬತ್ತೇರಿ ಪೇಟೆಗೆ ನಾನೇ ಬಸ್ಸು ಹತ್ತಿದೆ, ಯಾರ ಹಂಗಿಲ್ಲದೆ ಮನೆ ನಡೆಸಿದೆ. ಆದರೂ ಆ ಚಟ ಬಹಳ ವರ್ಷ ಬಿಡಲಿಲ್ಲ.

ಈಗ ನಿಮ್ಮ ಕಾಲ. ನಿಮ್ಮಲ್ಲಿ ಚಿಕ್ಕವಳಿಗೂ ನನ್ನ ಹಾಗೇ ಕಾಣುವುದಿಲ್ಲ. ಅವಳದು ಮಡಚಿ ಚೀಲಕ್ಕೆ ಹಾಕುವ ಬಿಳಿ ಕೋಲು, ಗರಿಯಷ್ಟು ಹಗುರ. ಬತ್ತೇರಿಯ ಶಾಲೆಯಲ್ಲಿ ಟೀಚರ್ ಅದನ್ನು ಹಿಡಿಯಲು ಕಲಿಸುತ್ತಾರೆ, ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ನಡೆಸಿ ಅಭ್ಯಾಸ ಮಾಡಿಸುತ್ತಾರೆ. ನಮ್ಮ ಬದು ಈಗ ಕಾಂಕ್ರೀಟ್ ರಸ್ತೆ, ಸಂಕ ಈಗ ಸೇತುವೆ. ಕಾಡಿನಂಚಿಗೆ ಕರೆಂಟಿನ ಬೇಲಿಯಿದೆ, ಆದರೂ ಆನೆ ಬರುತ್ತದೆ. ಅವಳು ಎಲ್ಲಿದ್ದಾಳೆ ಎನ್ನುವುದನ್ನು ಅವಳ ಅಪ್ಪನಿಗೆ ತೋರಿಸುವ ಫೋನೂ ಇದೆ.

ಕಳೆದ ವಾರ ಅವಳು ಬಸ್ ನಿಲ್ದಾಣದವರೆಗೆ ಒಬ್ಬಳೇ ಹೋಗುತ್ತೇನೆ ಎಂದಳು. ನಿಮ್ಮಪ್ಪ ಹೂಂ ಎಂದ. ಆಮೇಲೆ ನನ್ನ ಕಿವಿಯಲ್ಲಿ, "ಸ್ವಲ್ಪ ಹಿಂದೆ ನಾನು ಸ್ಕೂಟರಲ್ಲಿ ಹೋಗ್ತೀನಿ, ಅವಳಿಗೆ ಹೇಳಬೇಡಪ್ಪ. ಫೋನೂ ಚೀಲದ ತಳದಲ್ಲಿ ಇಟ್ಟಿದ್ದೀನಿ" ಎಂದ. ನನ್ನ ಮೈ ಉರಿಯಿತು. ಅವಳನ್ನು ಕರೆದು ಅವನ ಎದುರಿಗೇ ಎಲ್ಲ ಹೇಳಿಬಿಟ್ಟೆ. ಅವಳು ಸ್ವಲ್ಪ ಯೋಚಿಸಿ, "ಫೋನ್ ಇರಲಿ. ಅಪ್ಪ ಬೇಡ" ಎಂದಳು. ಗೇಟಿನ ಹತ್ತಿರ ನಿಂತು ಇನ್ನೊಮ್ಮೆ ಕೇಳಿದಳು, "ಅಜ್ಜಾ, ಯಾರೂ ಬರಲ್ಲ ತಾನೆ?"

"ಇಲ್ಲ ಕೂಸೆ. ನಾನು ಇಲ್ಲೇ ಕೂತಿದ್ದೀನಿ. ನಿಮ್ಮಪ್ಪ ನನ್ನ ಪಕ್ಕದಲ್ಲೇ ಇದ್ದಾನೆ."

ಕೋಲಿನ ಸದ್ದು ಕಾಂಕ್ರೀಟಿನ ಮೇಲೆ ದೂರವಾಗುತ್ತಾ ಹೋಯಿತು. ತಿರುವಿನಲ್ಲಿ ಒಮ್ಮೆ ನಿಂತಿತು, ಮತ್ತೆ ಶುರುವಾಯಿತು, ಆಮೇಲೆ ಕೇಳದಾಯಿತು. ನಿಮ್ಮಪ್ಪ ಪಕ್ಕದಲ್ಲಿ ಎದ್ದು ನಿಂತ, ಕೂತ, ಮತ್ತೆ ಎದ್ದು ನಿಂತ. ಕೊನೆಗೆ, ಅವಳು ಹೊರಡುವ ಮೊದಲೇ ನಾನು ಇಸಿದುಕೊಂಡಿದ್ದ ಸ್ಕೂಟರಿನ ಕೀ ಕೊಡು ಎಂದ.

ಅದು ನನ್ನ ಮುಷ್ಟಿಯಲ್ಲಿತ್ತು. ಕೊಡಲಿಲ್ಲ.