ಆ ಹೂವಿಗೆ ಕಟ್ಟಿದ ದಾರ

ಆ ಹೂವಿಗೆ ಕೆಂಪು ದಾರ ಕಟ್ಟಿದವಳು ನಾನು — ಕೈಯಿಂದಲ್ಲ, ಕಂಪ್ಯೂಟರಿನಲ್ಲಿ. ಅದರಿಂದ ರತ್ನವ್ವ ಕೆಲಸ ಕಳೆದುಕೊಂಡಳು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ.

ಓದು ಮುಗಿದ ಮೇಲೆ ನನಗೆ ರಾಣೆಬೆನ್ನೂರಿನ ಒಂದು ಬೀಜ ಕಂಪನಿಯಲ್ಲಿ ಫೋಟೋ ತೆಗೆಯುವ ಕೆಲಸ ಸಿಕ್ಕಿತು. ಕರ್ಜಗಿಯ ಹತ್ತಿರ ಕಂಪನಿಯ ಮೆಣಸಿನ ಗಿಡಗಳಿದ್ದವು, ಬಲೆಯ ಚಪ್ಪರದೊಳಗೆ. ಅಲ್ಲಿ ಹೆಂಗಸರು ಮೊಗ್ಗು ಅರಳುವ ಮೊದಲೇ ಚಿಮಟಿಯಿಂದ ಅದನ್ನು ಬಿಡಿಸಿ, ಒಳಗಿನ ಗಂಡು ಕೇಸರಗಳನ್ನೆಲ್ಲ ಕಿತ್ತು, ಮರುದಿನ ಬೇರೆ ತಳಿಯ ಪರಾಗ ಮುಟ್ಟಿಸುತ್ತಿದ್ದರು. ಒಂದೇ ಒಂದು ಕೇಸರ ಉಳಿದರೂ ಬೀಜ ಬೆರಕೆ. ಹೀಗಾಗಿ ಯಾರ ಕೈ ಎಂದು ತಿಳಿಯಲು ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ. ಕೇಸರ ತೆಗೆದ ಹೂವಿನ ತೊಟ್ಟಿಗೆ ಕಟ್ಟಬೇಕು. ರತ್ನವ್ವನದು ಕೆಂಪು.

ನಾನು ಅಲ್ಲಿ ಯಾರೊಂದಿಗೂ ಹೆಚ್ಚು ಮಾತಾಡುತ್ತಿರಲಿಲ್ಲ. ಅದನ್ನು ಸೊಕ್ಕು ಎಂದುಕೊಳ್ಳದವಳು ರತ್ನವ್ವ ಒಬ್ಬಳೇ.

“ಬಾ ತಂಗಿ, ನೀನೂ ನಾಕ್ ಹೂ ಮಾಡು. ಬರೇ ಫೋಟೋ ಹೊಡದ್ರ ಏನ್ ತಿಳೀತೈತಿ? ಒಳಗಿನ ಗಂಡಸರನ್ನ ಒಬ್ಬನ್ನೂ ಬಿಡಬ್ಯಾಡ, ಎಲ್ಲಾರನ್ನೂ ಹೊರಗ ಹಾಕು.”

“ಮನ್ಯಾಗಂತೂ ಹಾಕಾಕ ಆಗಂಗಿಲ್ಲ, ಇಲ್ಲೇರ ಹಾಕೂಣು!” ಎಂದು ಆಚೆ ಸಾಲಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

“ನಿನ್ನ ಹೂ ನನ್ನ ಹೂವಿನ್ಯಾಗ ಕೂಡಬಾರದವಾ,” ಎಂದು ರತ್ನವ್ವ ನನಗೆ ಗುಲಾಬಿ ದಾರದ ತುಂಡುಗಳನ್ನು ಕೊಟ್ಟಳು. ಆ ಬಣ್ಣ ಅಲ್ಲಿ ಬೇರೆ ಯಾರದೂ ಆಗಿರಲಿಲ್ಲ. ನಾಲ್ಕು ಹೂ ಮಾಡಿ ಅದನ್ನೇ ಕಟ್ಟಿದೆ.

ಹೊಸಬರಿಗೆ ಕಲಿಸಲು ಗೋಡೆಗೆ ಹಾಕುವಂಥ ಒಂದು ದೊಡ್ಡ ಚಿತ್ರ ಬೇಕೆಂದು ಮ್ಯಾನೇಜರ್ ಕೇಳಿದ್ದರು — ಕೇಸರ ಉಳಿದುಹೋದ ಹೂವಿನದು. ಮರುದಿನ ನನಗೆ ಅಂಥದ್ದೊಂದು ಸಿಕ್ಕಿತು. ಅದರ ದಾರದ ಬಣ್ಣ ನಾನು ನೋಡಲಿಲ್ಲ. ನೋಡಿದೆನೇ?

ಅಷ್ಟು ಚಿಕ್ಕ ಹೂವನ್ನು ಅಷ್ಟು ಹತ್ತಿರದಿಂದ ತೆಗೆದಾಗ ಒಂದು ಚಿತ್ರದಲ್ಲಿ ಎಲ್ಲವೂ ಸ್ಪಷ್ಟವಾಗಿ ಬರುವುದಿಲ್ಲ. ಎಸಳಿನ ತುದಿಗೆ ಫೋಕಸ್ ಮಾಡಿದರೆ ಕೇಸರ ಮಸುಕು, ಕೇಸರಕ್ಕೆ ಮಾಡಿದರೆ ತೊಟ್ಟು ಮಸುಕು. ಅದಕ್ಕೇ ಫೋಕಸನ್ನು ಮುಂದಿನಿಂದ ಹಿಂದಕ್ಕೆ ಸ್ವಲ್ಪಸ್ವಲ್ಪವೇ ಸರಿಸುತ್ತ ಹಲವು ಚಿತ್ರ ತೆಗೆದು, ಪ್ರತಿಯೊಂದರಲ್ಲಿ ಸ್ಪಷ್ಟವಾಗಿರುವ ಭಾಗವನ್ನಷ್ಟೇ ಆರಿಸಿ ಕಂಪ್ಯೂಟರಿನಲ್ಲಿ ಒಂದಾಗಿಸುತ್ತೇವೆ. ಇದರಲ್ಲಿ ಮೋಸವಿಲ್ಲ — ಎಲ್ಲ ಚಿತ್ರಗಳೂ ಒಂದೇ ಹೂವಿನವಾಗಿದ್ದರೆ.

ಕೊನೆಯ ಚಿತ್ರಗಳನ್ನು ತೆಗೆಯುವಾಗ ಯಾರದೋ ಸೆರಗು ತಾಗಿ ಗಿಡ ಅಲುಗಿತ್ತು. ಅವುಗಳಲ್ಲಿ ತೊಟ್ಟು, ದಾರ ಎರಡೂ ಮಸುಕಾಗಿದ್ದವು. ಕರ್ಜಗಿಗೆ ಮತ್ತೆ ಹೋಗುವ ಬದಲು ಪಕ್ಕದ ಹೂವಿನ ಚಿತ್ರದಿಂದ ತೊಟ್ಟನ್ನು ತಂದು ಕೂಡಿಸಿದೆ — ಕೆಂಪು ದಾರ ಕಟ್ಟಿದ್ದ ತೊಟ್ಟು. ದಾರವೆಂದರೆ ದಾರ, ಅದು ಬರೀ ಹಿನ್ನೆಲೆ, ಎಂದುಕೊಂಡೆ. ಅಂಚುಗಳನ್ನು ಜಾಗರೂಕತೆಯಿಂದ ತಿದ್ದಿದೆ. ಚಿತ್ರ ಅಷ್ಟು ಚೆನ್ನಾಗಿ ಬಂತೆಂದರೆ — ನನಗೆ ಹೆಮ್ಮೆಯಾಗಿತ್ತು.

ಹಿಂದಿನ ಹಂಗಾಮಿನ ಬೀಜದಲ್ಲಿ ಬೆರಕೆ ಸಿಕ್ಕಿತ್ತೆಂದು ಮೇಲಿನವರು ಸಿಟ್ಟಾಗಿದ್ದ ದಿನಗಳವು. ಅವರಿಗೆ ಒಂದು ಹೆಸರು ಬೇಕಿತ್ತು. ಮ್ಯಾನೇಜರ್ ನನ್ನ ಚಿತ್ರವನ್ನು ಗೋಡೆಗೆ ಹಾಕಲಿಲ್ಲ; ಚಪ್ಪರಕ್ಕೆ ಒಯ್ದರು. ನಾನೂ ಜೊತೆಗಿದ್ದೆ.

“ಈ ದಾರ ಯಾರದು?”

“ನಂದರೀ ಸರ,” ಎಂದಳು ರತ್ನವ್ವ. ಬಗ್ಗಿ ಬಹಳ ಹೊತ್ತು ನೋಡಿದಳು. “ಆದ್ರ ಹೂ ನಂದಲ್ಲರೀ.”

“ದಾರ ನಿಂದು, ಹೂ ಮಂದೀದು? ಭಾರೀ ಚಲೋ ಹೇಳ್ತೀ ಬಿಡು!”

ಆಕೆ ನನ್ನ ಕಡೆ ತಿರುಗಿದಳು. “ತಂಗಿ, ನೀನ ಹೇಳು. ಫೋಟೋದಾಗ ಏನರ ಹೆಚ್ಚೂಕಮ್ಮಿ ಆಗೇತೇನ?”

“ಫೋಟೋ ಸರಿ ಇದೆ ಸರ್,” ಎಂದೆ. ಆಕೆ ಕೇಳಿದ್ದಕ್ಕೆ ಉತ್ತರವನ್ನು ಮ್ಯಾನೇಜರ್‌ಗೆ ಕೊಟ್ಟೆ.

ರತ್ನವ್ವ ಚಿಮಟಿಯನ್ನು ಸೆರಗಿನಿಂದ ಒರೆಸಿ ಕೊಟ್ಟಳು, ದಾರದ ಉಂಡೆಯನ್ನೂ ಕೊಟ್ಟಳು. ಮರುದಿನ ಆ ಕೆಂಪು ದಾರವನ್ನು ಬೇರೊಬ್ಬಳು ತನ್ನ ಹೂಗಳಿಗೆ ಕಟ್ಟುತ್ತಿದ್ದಳು.

ರತ್ನವ್ವನನ್ನು ಕೆಲಸದಿಂದ ತೆಗೆದ ದಿನ ಆಫೀಸಿಗೆ ಮರಳಿದವಳೇ, ಗಿಡ ಅಲುಗಿದಾಗಿನ ಆ ಮಸುಕು ಚಿತ್ರಗಳನ್ನು ತೆರೆದೆ. ದೊಡ್ಡದು ಮಾಡಿ ನೋಡಿದೆ. ದಾರಕ್ಕೆ ಅಂಚಿರಲಿಲ್ಲ, ಎಳೆಗಳಿರಲಿಲ್ಲ — ಬಣ್ಣವಿತ್ತು. ಗುಲಾಬಿ.

ಕೇಸರ ಬಿಟ್ಟಿದ್ದು ನನ್ನ ಕೈ. ಆಗಲೇ ಎದ್ದು ಮ್ಯಾನೇಜರ್ ಕೋಣೆಗೆ ಹೋಗಬಹುದಿತ್ತು. ನಾಲ್ಕು ಹೆಜ್ಜೆಯೂ ಇರಲಿಲ್ಲ. ಕಂಪ್ಯೂಟರ್ ಮುಚ್ಚಿ ಬಸ್‌ಸ್ಟ್ಯಾಂಡಿಗೆ ನಡೆದೆ.

ಕಳೆದ ಸುಗ್ಗಿಯಲ್ಲಿ ಒಣಮೆಣಸಿನಕಾಯಿಯ ಫೋಟೋಗೆಂದು ಬ್ಯಾಡಗಿಗೆ ಹೋಗಿದ್ದೆ. ಕಾಯಿಯ ತೊಟ್ಟು ಬಿಡಿಸುತ್ತ ಕೂತ ಹೆಂಗಸರ ನಡುವೆ ರತ್ನವ್ವ. ಮೂಗಿಗೆ ಬಟ್ಟೆ ಕಟ್ಟಿದ್ದಳು. ಕಣ್ಣಿನಿಂದಲೇ ಗುರುತು ಹಿಡಿದೆ. ಆಕೆ ನನಗಿಂತ ಮೊದಲೇ ಹಿಡಿದಿದ್ದಳು.

“ಆರಾಮದಿಯೇನವಾ? ಚಾ ಕುಡದು ಹೋಗು. ನನ್ನ ಕೈ ಮಾತ್ರ ಮುಟ್ಟಬ್ಯಾಡ, ಉರಿ ಹತ್ತೈತಿ.” ಇನ್ನೊಂದು ಕಾಯಿಯ ತೊಟ್ಟು ಮುರಿದು ಕೇಳಿದಳು, “ಆ ಹೂ ಯಾರದಿತ್ತು ತಂಗಿ? ಆಮ್ಯಾಲರ ಗೊತ್ತಾತೇನ?”

ಬಸ್ಸು ಬಂತು ಎಂದೆ. ಬಸ್ಸು ಬಂದಿರಲಿಲ್ಲ.

ಹೆದರಿಕೆಯಿತ್ತು, ಹೊಸ ಕೆಲಸವಿತ್ತು — ಹೀಗೆ ಎಷ್ಟೋ ವಾಕ್ಯಗಳನ್ನು ಇಲ್ಲಿ ಬರೆದು ಅಳಿಸಿದ್ದೇನೆ. ಅವೆಲ್ಲ ಮತ್ತೆ ಅಂಚು ತಿದ್ದುವ ಕೆಲಸವೇ. ಇದನ್ನು ನಿಮಗೆ ಹೇಳಿದರೆ ಆಕೆಗೆ ಹೇಳಿದಂತಾಗುವುದಿಲ್ಲ ಎಂಬುದೂ ಗೊತ್ತಿದೆ.

ಹಳೆಯ ಚಿತ್ರಗಳು ನನ್ನ ಹತ್ತಿರ ಈಗಲೂ ಇವೆ. ನಾಳೆ ಮೊದಲು ಆ ಬೀಜ ಕಂಪನಿಗೆ ಹೋಗಿ ಮ್ಯಾನೇಜರ್ ಮೇಜಿನ ಮೇಲೆ ಅವನ್ನೆಲ್ಲ ಇಟ್ಟು, ಯಾವ ಹೂವು ಯಾರದೆಂದು ಹೇಳುತ್ತೇನೆ. ಅಲ್ಲಿಂದ ಬ್ಯಾಡಗಿಗೆ ಹೋಗುತ್ತೇನೆ. ರತ್ನವ್ವನಿಗೆ ತೋರಿಸಲು ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಟ್ಟಿದ್ದೇನೆ — ಗುಲಾಬಿ ದಾರದ್ದು. ಮಸುಕಾಗಿದೆ. ಏನೂ ತಿದ್ದಿಲ್ಲ.